ಬಿಸಿಲು ಪುಕ್ಕಟೆ, ನೆಲ ಪುಕ್ಕಟೆಯಲ್ಲ

ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಮುಗಿದೀತು ಎಂದು 1950ರ ದಶಕದಲ್ಲಿ ಹೇಳಿದ್ದರೆ ಜನ ನಗುತ್ತಿದ್ದರು. ಕಡಿದಷ್ಟೂ ಚಿಗುರುವುದು ಬಿದಿರಿನ ಗುಣ. ಆ ಧೈರ್ಯದ ಮೇಲೆಯೇ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಸರ್ಕಾರ ಹೆಸರಿಗೊಂದು ರಾಜಧನ ಕಟ್ಟಿಸಿಕೊಂಡು ಕಾಡಿನ ಬಿದಿರನ್ನು ಬಿಟ್ಟುಕೊಟ್ಟಿತು. ಇಪ್ಪತ್ತು ವರ್ಷ ತುಂಬುವುದರೊಳಗೆ ಬುಟ್ಟಿ, ಮೊರ ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲವೆಂದು ದನಿ ಎತ್ತಿದರು. 1975ರಲ್ಲಿ ರಾಜ್ಯ ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಇದನ್ನು ಪರಿಶೀಲಿಸಲು ಹೇಳಿತು.

ಗಾಡ್ಗೀಳರ ತಂಡ ಕಾಡು ಸುತ್ತಿದಾಗ ಎರಡು ಸಂಗತಿ ಹೊರಬಿದ್ದವು. ಕಾಡಿನಲ್ಲಿ ಇದೆಯೆಂದು ಕಾಗದದ ಮೇಲೆ ಬರೆದಿಟ್ಟಿದ್ದ ಬಿದಿರು ನಿಜವಾಗಿ ಇದ್ದದ್ದಕ್ಕಿಂತ ಬಹಳ ಹೆಚ್ಚು ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿಯ ಹಾಗೆ ನಿಂತಿರುತ್ತವೆ. ಮೆಳೆ ಉಸಿರಾಡಲಿ, ಕಡಿಯುವವರ ಕೈಗೆ ಗೀರದಿರಲಿ ಎಂದು ಅದನ್ನು ಸವರಿ ತೆಗೆಯುವುದು ಅರಣ್ಯ ಇಲಾಖೆಯ ಪದ್ಧತಿ. ಊರವರು ಮಾತ್ರ ಆ ಮುಳ್ಳು ಇದ್ದರೇ ಒಳಗಿನ ಕಳಲೆ ಉಳಿಯುವುದು ಎನ್ನುತ್ತಿದ್ದರು. ಲೆಕ್ಕ ಹಾಕಿ ನೋಡಿದಾಗ ಊರವರ ಮಾತೇ ಸರಿಯಾಗಿತ್ತು. ಮುಳ್ಳು ಹೋದ ಮೆಳೆಗಳಲ್ಲಿ ಎಳೆಯ ಕಳಲೆ ದನದ ಬಾಯಿಗೂ ಕಾಡುಪ್ರಾಣಿಗಳ ಬಾಯಿಗೂ ಸಿಕ್ಕಿ, ಮೆಳೆ ಬಡವಾಗುತ್ತಾ ಬಂದಿತ್ತು. ಕಾರ್ಖಾನೆ ಆಮೇಲೆ ದೂರದ ರಾಜ್ಯಗಳಿಂದ ಬಿದಿರು ತರಿಸಿಕೊಂಡಿತು. ಮೇದಾರರಿಗೆ ಆ ಅನುಕೂಲ ಇರಲಿಲ್ಲ.

ಶಾಲೆಯ ಪುಸ್ತಕದಲ್ಲಿ ಒಂದು ಕೋಷ್ಟಕ ಇರುತ್ತದೆ. ಎಡಗಡೆ ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ, ಯುರೇನಿಯಂ. ಬಲಗಡೆ ಬಿಸಿಲು, ಗಾಳಿ, ನೀರು, ಸೌದೆ, ಸಗಣಿ. ಎಡಗಡೆಯವು ಮುಗಿಯುತ್ತವೆ, ಬಲಗಡೆಯವು ಮುಗಿಯುವುದಿಲ್ಲ. ಪರೀಕ್ಷೆಗೆ ಇಷ್ಟು ಸಾಕು. ರಾಜ್ಯದ ಇಂಧನ ನೀತಿಗೂ ಇಷ್ಟೇ ಸಾಕೆಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ತಕರಾರು. ಕೋಷ್ಟಕ ಹೇಳುವುದು ಇಂಧನದ ವಿಷಯವನ್ನಷ್ಟೇ. ಆ ಇಂಧನ ಕರೆಂಟಾಗಿ ನಮ್ಮ ಮನೆ ಸೇರಲು ಬೇಕಾದ ನೆಲ, ಕಾಡು, ಕಣಿವೆ, ಊರು ಇವಕ್ಕೆ ಅದರಲ್ಲಿ ಜಾಗವೇ ಇಲ್ಲ. ವಿಚಿತ್ರವೆಂದರೆ ಎಡಗಡೆಯ ಸರಕು ಕರ್ನಾಟಕದಲ್ಲಿ ಇಲ್ಲವೆಂದೇ ಹೇಳಬೇಕು. ನಮ್ಮಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಎಣ್ಣೆಯ ಬಾವಿಯಿಲ್ಲ. ಹಾಗಾಗಿ ಈ ನೂರು ವರ್ಷದಲ್ಲಿ ನಮ್ಮ ನೆಲದಲ್ಲಿ ನಾವು ಕೈಯಾರೆ ಬರಿದು ಮಾಡಿಕೊಂಡದ್ದರಲ್ಲಿ ಹೆಚ್ಚಿನದು ‘ಮುಗಿಯದ’ ಸಾಲಿನದೇ.

ಹಾಗೆಂದು ಕೋಷ್ಟಕ ಪೂರಾ ಸುಳ್ಳಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ಕೊಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆಗಿನ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಚಿನ್ನದ ಗಣಿ 2001ರಲ್ಲಿ ಬಾಗಿಲು ಹಾಕಿತು, ಆ ಗಣಿಗೆಂದೇ ಹುಟ್ಟಿದ ವಿದ್ಯುದಾಗಾರ ಇನ್ನೂ ತಿರುಗುತ್ತಿದೆ. ಮುಗಿಯುವುದಕ್ಕೂ ಮುಗಿಯದ್ದಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಸಿಗದು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು, ಗಣಿಯ ಯಂತ್ರಗಳಿಗೆ ಬೇಸಿಗೆ ಇರಲಿಲ್ಲ. ಹರಿವನ್ನು ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡಬೇಕಾಯಿತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗಲು ನೀರಾವರಿಯಷ್ಟೇ ಈ ಕರೆಂಟಿನ ಒತ್ತಾಯವೂ ಕಾರಣ. ಹಳೆಯ ಕನ್ನಂಬಾಡಿ ನೀರಿನಡಿಗೆ ಹೋಯಿತು. ಮುಗಿಯದ ನದಿಯಿಂದ ತಪ್ಪದೆ ಕೆಲಸ ತೆಗೆಯಬೇಕೆಂದರೆ ಮುಗಿಯುವಂಥದ್ದನ್ನು, ಅಂದರೆ ಊರುಗಳನ್ನು, ತೆರಬೇಕೆಂಬ ಪಾಠ ಅಲ್ಲೇ ಶುರುವಾಯಿತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಇದಕ್ಕಿಂತ ಕಡಿಮೆ ಜನರಿಗೆ ಗೊತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಅದನ್ನು ಕರಗಿಸಲು ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡು ಇತ್ತಲ್ಲ! 1923ರಲ್ಲಿ ಕುಲುಮೆ ಹೊತ್ತಿದ್ದು ಸೌದೆಯ ಇದ್ದಿಲಿನಿಂದ. ಜೊತೆಗೆ ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಟಾರು, ಮದ್ಯಸಾರ ಭಟ್ಟಿ ಇಳಿಸುವ ದೊಡ್ಡ ಘಟಕವೂ ಇತ್ತು. ಒಂದು ಟನ್ ಇದ್ದಿಲು ಬೇಕೆಂದರೆ ನಾಲ್ಕೈದು ಟನ್ ಮರ ಸುಡಬೇಕು. ಕಡಿದ ಕಾಡು ಮತ್ತೆ ಬೆಳೆಯುತ್ತದೆ ಎಂಬ ಮಾತು ತಾತ್ವಿಕವಾಗಿ ಸರಿಯೇ. ಆದರೆ ಕಾಡಿಗೆ ಬೇಕಾದದ್ದು ದಶಕಗಳು, ಕುಲುಮೆಯದು ದಿನದ ಲೆಕ್ಕ. 1950ರ ದಶಕದಲ್ಲಿ ಅಲ್ಲಿ ಜೋಗದ ಕರೆಂಟಿನಿಂದ ನಡೆಯುವ ಕುಲುಮೆಗಳು ಬಂದವು, ಕಾಡಿನ ಮೇಲಿನ ಭಾರ ಅಷ್ಟರಮಟ್ಟಿಗೆ ಇಳಿಯಿತು. ಆ ಜೋಗದ ಕರೆಂಟಿಗಾಗಿ ಶರಾವತಿಯ ಕಣಿವೆಯಲ್ಲಿ ಇನ್ನೊಂದು ಕಾಡು ಮುಳುಗುವುದಿತ್ತು.

ಶರಾವತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಕೂಡಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು. ವಿದ್ಯುದಾಗಾರದ ಸಾಮರ್ಥ್ಯ 120 ಮೆಗಾವಾಟ್. ಆಗ ಅದೇ ದೊಡ್ಡದು. ಹದಿನಾರು ವರ್ಷಕ್ಕೆ ಅದು ಸಾಲದಾಯಿತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ನೀರು ನಿಂತಾಗ ಹಿರೇಭಾಸ್ಕರವೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದು ಮೇಲೆ ಬರುತ್ತದೆ. ಬಿರುಕು ಬಿಟ್ಟ ಕೆಸರಿನ ಬಯಲು, ಕಪ್ಪುಗಟ್ಟಿ ನಿಂತ ಮರದ ಬೊಡ್ಡೆಗಳು, ನಡುವೆ ಇನ್ನೂ ಗಟ್ಟಿಮುಟ್ಟಾಗಿರುವ ಕಟ್ಟಡ. ಹೆಚ್ಚಾದ ನೀರು ತಾನೇ ಹೊರಹೋಗಲೆಂದು ಕಟ್ಟಿದ ಸೈಫನ್‌ಗಳ ದುಂಡನೆಯ ಬಾಯಿಗಳು. ಜನ ಮಕ್ಕಳು ಮರಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಹಸಿವು ಬೆಳೆದ ವೇಗ ಎಷ್ಟೆಂದು ತಿಳಿಯಲು ನನಗೆ ಅಂಕಿ-ಅಂಶಗಳಿಗಿಂತ ಈ ಕಟ್ಟಡ ಹೆಚ್ಚು ಉಪಯೋಗಕ್ಕೆ ಬಂದಿದೆ: ಕಟ್ಟಿದ ಗಾರೆ ಹಳತಾಗುವ ಮೊದಲೇ ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿತು.

ಅದರ ಜೊತೆ ಮುಳುಗಿದ್ದು ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಕಣಿವೆ. ಸಾಗರ, ಹೊಸನಗರ ತಾಲ್ಲೂಕುಗಳ ಅಡಿಕೆ ತೋಟ, ಗದ್ದೆ, ಕಾಡು, ದೇವಸ್ಥಾನ. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ಸಾಮಾನಿನ ಸಮೇತ ಬೇರೆ ಕಡೆಯ ಕಾಡಿನಲ್ಲಿ ಇಳಿಸಿದರು. ಅವರಿಗೆ ಕೊಟ್ಟ ಜಾಗ ಅರಣ್ಯದ್ದೋ ಕಂದಾಯದ್ದೋ ಎಂಬ ತಕರಾರು ಅರವತ್ತು ವರ್ಷವಾದರೂ ತೀರಿಲ್ಲ. ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಮೂರು ಕಡೆ ನೀರಿನ ನಡುವೆ ಸಿಕ್ಕಿಕೊಂಡ ತುಮರಿ ಸೀಮೆಯ ಜನ ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯುತ್ತಾ ದಶಕಗಳನ್ನೇ ಕಳೆದರು. ಸಿಗಂದೂರಿನ ಹಾದಿಯ ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಕೆಲಸಕ್ಕೆ ಮನೆ ಬಿಟ್ಟುಕೊಟ್ಟವರಿಗೆ ಒಂದು ಸೇತುವೆ ಸಿಗಲು ಆರು ದಶಕ ಬೇಕಾಯಿತು. ಇದನ್ನೆಲ್ಲ ನಾ. ಡಿಸೋಜರು ಕಾದಂಬರಿಗಳಲ್ಲಿ ಬರೆದಿಟ್ಟಿದ್ದಾರೆ. ಇಂಧನ ಇಲಾಖೆಯ ವರದಿಗಳಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ.

ಶರಾವತಿಯ 1,035 ಮೆಗಾವಾಟಿನ ವಿದ್ಯುದಾಗಾರದಿಂದ ಬರುವ ಕರೆಂಟು ಇಂದಿಗೂ ರಾಜ್ಯಕ್ಕೆ ಸಿಗುವ ಅತಿ ಅಗ್ಗದ ಕರೆಂಟುಗಳಲ್ಲಿ ಒಂದು. ಅಗ್ಗ ಏಕೆ? ಸಿಮೆಂಟು, ಟರ್ಬೈನು, ನೌಕರರ ಸಂಬಳ ಇಷ್ಟನ್ನೇ ಕೂಡಿ ದರ ಕಟ್ಟಿದ್ದಾರೆ. ಸಿಮೆಂಟಿನ ಸಾಲ ಎಂದೋ ತೀರಿತು. ಕಣಿವೆಯ ಬಾಕಿ ಯಾವ ಖಾತೆಯಲ್ಲೂ ಇರಲಿಲ್ಲ, ಹಾಗಾಗಿ ತೀರಿಸುವ ಪ್ರಶ್ನೆಯೂ ಬರಲಿಲ್ಲ.

ಹಾಗಾದರೆ ಕಲ್ಲಿದ್ದಲೇ ವಾಸಿಯಲ್ಲವೇ, ಒಂದೇ ಕಡೆ ಗುಂಡಿ ತೋಡಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಇಂಥ ಲೇಖನಗಳನ್ನು ಕಲ್ಲಿದ್ದಲಿನ ವಕಾಲತ್ತಿಗೆ ಬಳಸಿಕೊಳ್ಳುವವರೂ ಇದ್ದಾರೆ. ಅವರಿಗೆ ಅವಕಾಶ ಕೊಡುವ ಇಷ್ಟ ನನಗಿಲ್ಲ. ನಮ್ಮ ದೇಶದ ಕಲ್ಲಿದ್ದಲು ಇಪ್ಪತ್ತೈದು ಮೂವತ್ತು ಕೋಟಿ ವರ್ಷ ಹಳೆಯದು. ಸುಟ್ಟರೆ ಮೂರನೆಯ ಒಂದು ಭಾಗದಷ್ಟು ಬೂದಿಯೇ ಉಳಿಯುತ್ತದೆ, ಹೊಗೆಯ ಇಂಗಾಲ ಆಕಾಶಕ್ಕೆ ಸೇರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ ಸ್ಥಾವರಕ್ಕೆ ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಗುಂಡಿ ಅಲ್ಲಿಯದು, ಬೂದಿ ರಾಯಚೂರಿನದು, ಏರ್ ಕಂಡೀಷನರು ಬೆಂಗಳೂರಿನದು. ಒಂದೇ ಕಡೆ ಗುಂಡಿ ಎಂಬ ಮಾತಿನಲ್ಲಿ ಆ ‘ಒಂದು ಕಡೆ’ ನಮ್ಮೂರಲ್ಲ ಎಂಬ ನೆಮ್ಮದಿ ಅಡಗಿದೆ. ಕಲ್ಲಿದ್ದಲನ್ನು ಬಿಡಲೇಬೇಕು. ಬಿಟ್ಟು ಏನನ್ನು ಹಿಡಿಯುತ್ತೇವೆ, ಯಾವ ಕರಾರಿನ ಮೇಲೆ ಹಿಡಿಯುತ್ತೇವೆ ಎಂಬುದಷ್ಟೇ ಚರ್ಚೆ.

ಕರಾರೇ ಇಲ್ಲದಿದ್ದರೆ ಏನಾಗುತ್ತದೆಂದು ನೋಡಲು ಕೋಲಾರಕ್ಕೆ ಹೋಗಬೇಕು. ನದಿಯ ಆಸರೆಯಿಲ್ಲದ ಜಿಲ್ಲೆ. ಹಿಂದಿನವರು ಸಾವಿರಾರು ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಜೋಡಿಸಿ, ಸುರಿದ ಮಳೆಯನ್ನು ಹಿಡಿದಿಟ್ಟುಕೊಂಡಿದ್ದರು. ತೆರೆದ ಬಾವಿಗಳಲ್ಲಿ ಮೂವತ್ತು ಅಡಿಗೆ ನೀರು ಸಿಗುತ್ತಿದ್ದ ಊರುಗಳಲ್ಲಿ ಈಗ ಸಾವಿರ ಅಡಿ ಕೊರೆದರೂ ಧೂಳು ಬರುತ್ತದೆ. ಅಂತರ್ಜಲ ಪುಸ್ತಕದ ಕೋಷ್ಟಕದಲ್ಲಿ ಬಲಗಡೆಯ ಸರಕೇ, ಮಳೆ ಬಂದರೆ ತುಂಬಬೇಕು. ಆದರೆ ಅಲ್ಲಿನ ನೆಲದಡಿ ಇರುವುದು ಗಟ್ಟಿ ಬಂಡೆ. ಮಳೆನೀರು ಬೇಗ ಸೇರುವುದು ಮೇಲಿನ ಶಿಥಿಲ ಪದರಕ್ಕೆ. ಆಳದ ಬಿರುಕುಗಳಿಗೆ ನೀರು ಇಳಿಯಲು ಹಿಡಿಯುವ ಕಾಲ ಬಹಳ ದೀರ್ಘ. ಮೇಲಿನ ಪದರದಿಂದ ತೆಗೆದದ್ದು ಬಡ್ಡಿ, ಆಳದಿಂದ ತೆಗೆದದ್ದು ಅಸಲು. ಅಸಲು ಕರಗುತ್ತಾ ಬಂದಂತೆ ಫ್ಲೋರೈಡು ಬೆರೆತ ನೀರು ಮೇಲೆ ಬಂತು, ಮಕ್ಕಳ ಹಲ್ಲಿನಲ್ಲಿ ಕಂದು ಕಲೆಯಾಗಿ ಕಾಣಿಸಿತು.

ಇದಕ್ಕೂ ಇಂಧನಕ್ಕೂ ಏನು ಸಂಬಂಧ? ಸಣ್ಣ ಲೆಕ್ಕವೊಂದನ್ನು ಹಾಕಿ ನೋಡಬಹುದು. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಆಳದಿಂದ ಎತ್ತಲು ಭೌತಶಾಸ್ತ್ರದ ಪ್ರಕಾರವೇ ಮುಕ್ಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಹೊಲದ ಮೋಟಾರು, ಪೈಪು, ಏರಿಳಿಯುವ ವೋಲ್ಟೇಜು ಎಲ್ಲ ಸೇರಿದರೆ ಅದು ಎರಡು ಯೂನಿಟ್ ಆಸುಪಾಸು ಆಗುತ್ತದೆ. ಅದೇ ನೀರನ್ನು ಮೂವತ್ತು ಅಡಿಯ ಬಾವಿಯಿಂದ ಎತ್ತಿದರೆ ಅದರ ಮೂವತ್ತನೆಯ ಒಂದು ಪಾಲು ಸಾಕು. ನೀರು ಇಳಿದಂತೆಲ್ಲ ಅದೇ ಎಕರೆ ಟೊಮೆಟೊಗೆ, ಅದೇ ಹಿಪ್ಪುನೇರಳೆಗೆ ನಾವು ಹೆಚ್ಚು ಹೆಚ್ಚು ಕರೆಂಟು ಸುರಿಯುತ್ತಿದ್ದೇವೆ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಹತ್ತು ಅಶ್ವಶಕ್ತಿಯವರೆಗೆ ಕರೆಂಟು ಪುಕ್ಕಟೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಈ ದಾರಿಯಲ್ಲಿ ಹೋಗುತ್ತದೆ. ಕಲ್ಲಿದ್ದಲು ಸುಟ್ಟು, ಕಣಿವೆ ಮುಳುಗಿಸಿ ಮಾಡಿದ ಕರೆಂಟಿನಿಂದ ಅಂತರ್ಜಲ ಖಾಲಿ ಮಾಡುತ್ತೇವೆ. ಅಂತರ್ಜಲ ಖಾಲಿಯಾದಷ್ಟೂ ಇನ್ನಷ್ಟು ಕರೆಂಟು ಬೇಕಾಗುತ್ತದೆ.

ಇದಕ್ಕೆ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ರಾತ್ರಿ ಒಂದಕ್ಕೋ ಎರಡಕ್ಕೋ ತ್ರೀ ಫೇಸ್ ಬರುತ್ತದೆಂದರೆ ಆತ ಹಾವು-ಚೇಳಿನ ನಡುವೆ ಟಾರ್ಚು ಹಿಡಿದು ಹೊಲಕ್ಕೆ ಹೋಗಬೇಕು. ಅದರ ಬದಲು ಆಟೊ ಸ್ಟಾರ್ಟರ್ ಹಾಕಿಸಿ ಮಲಗುತ್ತಾನೆ, ಯಾರಾದರೂ ಅದನ್ನೇ ಮಾಡುತ್ತಾರೆ. ಕರೆಂಟು ಬಂದ ಕ್ಷಣ ಊರಿನ ಮೋಟಾರುಗಳೆಲ್ಲ ಒಟ್ಟಿಗೇ ಎದ್ದು ಕೂರುತ್ತವೆ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪಾತಿ ತುಂಬಿ ನೀರು ರಸ್ತೆಗೆ ಹರಿದಿರುತ್ತದೆ. ಮೀಟರಿಲ್ಲ, ಬೆಲೆಯಿಲ್ಲ, ಬರುವ ಹೊತ್ತು ನಂಬುವ ಹಾಗಿಲ್ಲ. ಈ ಮೂರೂ ಸೇರಿದ ಕಡೆ ಮಿತವ್ಯಯವನ್ನು ಯಾರಿಂದ ನಿರೀಕ್ಷಿಸುವುದು? 2018ರಿಂದ ಬೆಂಗಳೂರಿನ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆಲವು ಕಡೆ ಬೋರುಗಳಿಗೆ ಜೀವ ಬಂದಿದೆ. ಆ ನೀರನ್ನೂ ಪಂಪು ಮಾಡಿಯೇ ಕಳಿಸಬೇಕು ಎಂಬುದನ್ನು ಮರೆಯಬಾರದು.

ಕೋಲಾರದಂತೆಯೇ ಒಣಗಿದ ಇನ್ನೊಂದು ಸೀಮೆ ಪಾವಗಡ. ಅಲ್ಲಿ 2018ರಿಂದ ಎರಡು ವರ್ಷದೊಳಗೆ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿತು. ತಿರುಮಣಿಯ ಕಡೆಯಿಂದ ನೋಡಿದರೆ ಕಣ್ಣು ಹಾಯುವವರೆಗೆ ನೀಲಿ-ಕಪ್ಪು ಫಲಕಗಳ ಸಾಲು, ಕಡಲೆಕಾಯಿ ಹೊಲಗಳ ಬದು ಇದ್ದಲ್ಲಿ ತಂತಿಬೇಲಿ. ಇಲ್ಲಿ ಸರ್ಕಾರ ಲಿಂಗನಮಕ್ಕಿಯ ದಾರಿ ಹಿಡಿಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಮಳೆ ನೆಚ್ಚಿ ಕಡಲೆಕಾಯಿ ಬಿತ್ತಿ ಮೂರು ವರ್ಷಕ್ಕೊಂದು ಫಸಲು ಕಂಡವರಿಗೆ ಇದು ಸಣ್ಣ ಮಾತಲ್ಲ. ಒಂದು ಸಂಪನ್ಮೂಲಕ್ಕೆ, ಅದು ಇರುವ ನೆಲಕ್ಕೆ, ವರ್ಷ ವರ್ಷ ಬಾಡಿಗೆ ಕೊಡಬೇಕೆಂಬ ತತ್ವ ನಮ್ಮ ರಾಜ್ಯದ ಇಂಧನ ಚರಿತ್ರೆಯಲ್ಲಿ ಇಷ್ಟು ದೊಡ್ಡದಾಗಿ ಒಪ್ಪಿಗೆ ಪಡೆದದ್ದು ಪಾವಗಡದಲ್ಲಿ.

ಪಹಣಿ ಇಲ್ಲದವರ ಗತಿ ಮಾತ್ರ ಬೇರೆ. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಕೂಲಿ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಅಡ್ಡ ಬಂತು. ಫಲಕಗಳ ಮೇಲೆ ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆ, ಆದ್ದರಿಂದ ತೊಳೆಯುವ ಕೆಲಸ, ಹುಲ್ಲು ಸವರುವ ಕೆಲಸ, ಕಾವಲು ಕೆಲಸ ಒಂದಷ್ಟು ಮಂದಿಗೆ ಸಿಕ್ಕಿತು. ಹೋದ ಕೂಲಿಗೆ ಅದು ಸಮವಾಗಲಿಲ್ಲ. ಗುತ್ತಿಗೆಯ ಪತ್ರದಲ್ಲಿ ಸಹಿ ಹಾಕಲು ಕರೆದದ್ದು ಭೂಮಿಯ ಒಡೆಯನನ್ನು. ಆ ಭೂಮಿಯ ಮೇಲೆ ಬದುಕುತ್ತಿದ್ದ ಉಳಿದವರಿಗೆ ಸಹಿ ಹಾಕಲು ಕಾಗದವೇ ಇರಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಬಾಳಿಕೆ ಮುಗಿದ ಲಕ್ಷಾಂತರ ಫಲಕಗಳನ್ನು ಏನು ಮಾಡುವುದೆಂಬುದೂ ಇದೆ. 2022ರ ಇ-ತ್ಯಾಜ್ಯ ನಿಯಮಗಳು ಅವನ್ನು ತಯಾರಕರ ಹೊಣೆಗೆ ಸೇರಿಸಿವೆ. ಕಾಗದದ ಮೇಲಿನ ಹೊಣೆ ಬಯಲಿನಲ್ಲಿ ಎಷ್ಟು ನಡೆಯುತ್ತದೆಂದು ಬಳ್ಳಾರಿಯ ಗಣಿಗಳನ್ನು ನೋಡಿದ ನಮಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ 2011ರಲ್ಲಿ ಸುಪ್ರೀಂ ಕೋರ್ಟೇ ಗಣಿಗಾರಿಕೆ ನಿಲ್ಲಿಸಬೇಕಾಗಿ ಬಂತು.

ಸೌರಶಕ್ತಿಯ ನಿಜವಾದ ತೊಡಕು ಸಂಜೆ ಆರರ ಮೇಲೆ ಶುರುವಾಗುತ್ತದೆ. ಪಾವಗಡದ ಉತ್ಪಾದನೆ ಸೊನ್ನೆಗೆ ಇಳಿಯುವ ಹೊತ್ತಿಗೇ ಊರೂರಿನಲ್ಲಿ ದೀಪ, ಟಿವಿ, ಫ್ಯಾನು, ಮಿಕ್ಸಿ ಶುರು. ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಡಬೇಕು. ಅದಕ್ಕೆಂದೇ ಕರ್ನಾಟಕ ವಿದ್ಯುತ್ ನಿಗಮ ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದೆ. ಹಗಲಿನಲ್ಲಿ ಅಗ್ಗದ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದು, ಸಂಜೆ ಅದನ್ನೇ ಸುರಂಗದಲ್ಲಿ ಇಳಿಸಿ ಟರ್ಬೈನು ತಿರುಗಿಸುವುದು. ಇಂಥ ಯೋಜನೆಗಳಲ್ಲಿ ಹೆಚ್ಚೂಕಡಿಮೆ ನಾಲ್ಕು ಯೂನಿಟ್ ಕೊಟ್ಟರೆ ಮೂರು ಯೂನಿಟ್ ವಾಪಸು ಸಿಗುತ್ತದೆ. ಯೋಜನೆಯ ಪರವಾಗಿ ಇರುವ ವಾದವನ್ನು ತಳ್ಳಿಹಾಕುವಂತಿಲ್ಲ: ಎರಡೂ ಜಲಾಶಯಗಳು ಈಗಾಗಲೇ ಇವೆ, ಹೊಸದಾಗಿ ಊರು ಮುಳುಗುವುದಿಲ್ಲ. ವಿರೋಧದ ವಾದವೂ ಗಟ್ಟಿಯೇ. ಎರಡರ ನಡುವೆ ಇರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಮಳೆಗಾಲದಲ್ಲಿ ಗುಡ್ಡ ಜರಿಯುವ ಘಟ್ಟದಲ್ಲಿ ಸುರಂಗ ಕೊರೆಯಬೇಕು, ರಸ್ತೆ ಅಗಲಿಸಬೇಕು, ಸಾವಿರಾರು ಮರ ಕಡಿಯಬೇಕು. ಮರದಿಂದ ಮರಕ್ಕೇ ಹಾಯುತ್ತಾ ಬದುಕುವ ಸಿಂಗಳೀಕಕ್ಕೆ ಕಾಡಿನ ನಡುವೆ ಬಿದ್ದ ಅಗಲ ರಸ್ತೆಯೇ ದಾಟಲಾಗದ ಹೊಳೆ.

ಈ ಚರ್ಚೆಯಲ್ಲಿ ನನಗೆ ಅಮೂಲ್ಯ ರೆಡ್ಡಿಯವರು ನೆನಪಾಗುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಕಟ್ಟಿದವರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಅಡುಗೆಮನೆಗಳು ಇನ್ನೂ ಮರೆತಿಲ್ಲ. ಜನರಿಗೆ ಬೇಕಾಗಿರುವುದು ಕಿಲೋವಾಟ್ ಅಲ್ಲ, ಸ್ನಾನಕ್ಕೆ ಬಿಸಿನೀರು, ಓದಲು ಬೆಳಕು, ಹೊಲಕ್ಕೆ ನೀರು ಎಂಬುದು ಅವರ ವಾದದ ತಿರುಳು. 1980ರ ದಶಕದ ಕೊನೆಯಲ್ಲಿ ರಾಜ್ಯಕ್ಕೆ ಇಷ್ಟೊಂದು ಹೊಸ ಸ್ಥಾವರಗಳು ಬೇಕೆಂದು ಸಮಿತಿಯೊಂದು ದೊಡ್ಡ ಪಟ್ಟಿ ಕೊಟ್ಟಿತು. ರೆಡ್ಡಿಯವರ ತಂಡ ಅದಕ್ಕೆ ಪರ್ಯಾಯ ಲೆಕ್ಕ ಮಂಡಿಸಿತು. ಬಳಕೆಯ ತುದಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ, ಗೀಸರಿನ ಬದಲು ಸೌರ ಹೀಟರು, ಒಳ್ಳೆಯ ಬಲ್ಬು, ಒಳ್ಳೆಯ ಮೋಟಾರು ಬಳಸಿದರೆ, ಅದೇ ಅನುಕೂಲಗಳನ್ನು ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೊಡಬಹುದೆಂದು ತೋರಿಸಿತು. ಆಮೇಲೆ ಬೆಂಗಳೂರಿನ ಮನೆಗಳ ತಾರಸಿಯ ಮೇಲೆ ಸೌರ ಹೀಟರುಗಳು ಎದ್ದವು. ಉಳಿದ ಮಾತು ಹಾಗೇ ಉಳಿಯಿತು.

ಅವರ ಪ್ರಶ್ನೆಯನ್ನು ಇಂದಿನ ಸಂಜೆಗೆ ಕೇಳಿ ನೋಡಬೇಕು. ರಾತ್ರಿಗೆ ಕರೆಂಟು ಎತ್ತಿಡುವ ಮೊದಲು ರಾತ್ರಿಯ ಹೊರೆಯನ್ನು ಹಗಲಿಗೆ ತರಲಾಗದೇ? ಪಂಪ್‌ಸೆಟ್ಟುಗಳ ಫೀಡರುಗಳನ್ನು ಮನೆಗಳ ಫೀಡರುಗಳಿಂದ ಹಲವು ಕಡೆ ಬೇರೆ ಮಾಡಿಯಾಗಿದೆ. ಹಗಲಿನ ಬಿಸಿಲು ಇರುವಾಗಲೇ ಹೊಲಕ್ಕೆ ಏಳು ಗಂಟೆ ನಂಬಿಕೆಯ ಕರೆಂಟು ಕೊಟ್ಟರೆ ರೈತನಿಗೆ ನಿದ್ದೆ ಸಿಗುತ್ತದೆ, ವಿದ್ಯುತ್ ಜಾಲಕ್ಕೆ ಸಂಜೆಯ ಭಾರ ಇಳಿಯುತ್ತದೆ. ಸೌರ ಫೀಡರುಗಳ ಕೆಲಸ ಈ ದಿಕ್ಕಿನಲ್ಲಿ ಶುರುವಾಗಿದೆ, ಅದು ಸರಿಯಾದ ದಿಕ್ಕು. ಇಲ್ಲೂ ಕರಾರು ಬೇಕು. ಬಿಸಿಲಿನಲ್ಲಿ ತಾನಾಗಿ ನಡೆಯುವ ಪಂಪಿಗೆ ಬಿಲ್ಲೂ ಇಲ್ಲ, ಕಡಿತವೂ ಇಲ್ಲ. ನೀರಿನ ಮಿತಿ ಹೇಳದೆ ಅದನ್ನು ಹಂಚಿದರೆ ಕೋಲಾರದ ಉಳಿದ ಅಸಲೂ ಹಸಿರು ಕರೆಂಟಿನಲ್ಲೇ ಖಾಲಿಯಾಗುತ್ತದೆ. ಬಳಸದೆ ಉಳಿಸಿದ ಕರೆಂಟನ್ನು ರೈತ ಜಾಲಕ್ಕೆ ಮಾರಿ ದುಡ್ಡು ಪಡೆಯುವಂತಾದರೆ ನೀರು ಎತ್ತದಿರುವುದಕ್ಕೂ ಒಂದು ಬೆಲೆ ಬರುತ್ತದೆ.

ಇನ್ನೊಂದು ದಾರಿ ನಮ್ಮ ಕಣ್ಣೆದುರೇ ಇದೆ. ಲಿಂಗನಮಕ್ಕಿಯೇ ಒಂದು ಮಹಾ ಸಂಗ್ರಹ. ಪಾವಗಡ ದುಡಿಯುವ ಹಗಲಿನಲ್ಲಿ ಶರಾವತಿಯ ಟರ್ಬೈನುಗಳನ್ನು ಆದಷ್ಟು ಸುಮ್ಮನಿರಿಸಿ, ಆ ನೀರನ್ನು ಸಂಜೆಗೇ ಬಿಟ್ಟರೆ ಹೊಸದಾಗಿ ಒಂದು ಮರ ಕಡಿಯದೆ ಒಂದಷ್ಟು ಸಂಜೆ ದಾಟುತ್ತದೆ. ಕಾಳಿ, ವಾರಾಹಿಗಳಿಗೂ ಇದೇ ಮಾತು. ಈಗಲೂ ಸ್ವಲ್ಪ ಮಟ್ಟಿಗೆ ಹೀಗೆಯೇ ನಡೆಸುತ್ತಾರೆ. ಹೊರಗಿನಿಂದ ಕೊಳ್ಳುವ ದುಡ್ಡಿಲ್ಲದ ದಿನ, ಕಲ್ಲಿದ್ದಲು ತಡವಾದ ದಿನ ಶಿಸ್ತು ಸಡಿಲವಾಗಿ ಹಗಲಿನಲ್ಲೇ ನೀರು ಹರಿದುಹೋಗುತ್ತದೆ. ಬ್ಯಾಟರಿಗಳ ಬೆಲೆಯಂತೂ ಇಳಿಯುತ್ತಲೇ ಇದೆ, ಅವನ್ನು ಪಾವಗಡದ ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ಕೂರಿಸಬಹುದು. ಬ್ಯಾಟರಿಯ ಲಿಥಿಯಂ ಕೂಡ ಯಾರದೋ ನೆಲದ ಗಣಿಯಿಂದಲೇ ಬರಬೇಕು ಎಂಬುದು ನಿಜ. ಪರಿಶುದ್ಧವಾದ ಆಯ್ಕೆ ಯಾವುದೂ ಇಲ್ಲ. ಇವೆಲ್ಲವನ್ನೂ ಪೂರ್ತಿ ಬಳಸಿಕೊಂಡ ಮೇಲೂ ಕೊರತೆ ಉಳಿದರೆ ಆಗ ಶರಾವತಿಯ ಸುರಂಗದ ಮಾತು ಆಡಬಹುದು. ಈಗ ಅದು ಕೊನೆಯ ಸಾಲಿನಲ್ಲಿ ಇರಬೇಕಾದದ್ದು, ಮೊದಲ ಸಾಲಿಗೆ ಬಂದು ಕೂತಿದೆ. ಕಾರಣ, ಕಣಿವೆಗೆ ಬೆಲೆ ಕಟ್ಟದ ಹಳೆಯ ಲೆಕ್ಕದಲ್ಲಿ ಅದು ಅಗ್ಗವಾಗಿ ಕಾಣುತ್ತದೆ.

ಬೆಲೆ ಕಟ್ಟಿದರೆ ಎಷ್ಟಾದೀತು? ಪಾವಗಡದ ದರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಮುನ್ನೂರು ಚದರ ಕಿಲೋಮೀಟರ್ ಎಂದರೆ ಸುಮಾರು 74,000 ಎಕರೆ. ಎಕರೆಗೆ 21,000ದಂತೆ ವರ್ಷಕ್ಕೆ 155 ಕೋಟಿ ರೂಪಾಯಿ ಬಾಡಿಗೆ. ಶರಾವತಿ ಒಳ್ಳೆಯ ಮಳೆಯ ವರ್ಷದಲ್ಲಿ ಕೊಡುವುದು ಸುಮಾರು 500 ಕೋಟಿ ಯೂನಿಟ್. ಯೂನಿಟ್ಟಿಗೆ ಮೂವತ್ತು ಪೈಸೆಯ ಮೇಲೆ ಬಂತು. ಮುಳುಗಿದ್ದರಲ್ಲಿ ಕಾಡೂ ಇತ್ತು, ಎಲ್ಲವೂ ರೈತರದ್ದಲ್ಲ ಎಂದು ವಾದಿಸಿ ಮೂರನೆಯ ಒಂದು ಪಾಲನ್ನಷ್ಟೇ ಹಿಡಿದರೂ ಹತ್ತು ಪೈಸೆ, ಅಂದರೆ ವರ್ಷಕ್ಕೆ ಐವತ್ತು ಕೋಟಿ. ಅದು ಸಾಗರ, ಹೊಸನಗರದ ಸಂತ್ರಸ್ತರ ಹಕ್ಕುಪತ್ರ, ಶಾಲೆ, ಆಸ್ಪತ್ರೆ, ಕಾಡಿನ ಕೆಲಸಕ್ಕೆ ಮೀಸಲಾಗಿ ಹೋಗಬೇಕು. ಪಾವಗಡದಲ್ಲೂ ಗುತ್ತಿಗೆಯ ಹಣದ ಜೊತೆಗೆ ಪ್ರತಿ ಯೂನಿಟ್ಟಿನ ಒಂದೆರಡು ಪೈಸೆ ಭೂಮಿ ಇಲ್ಲದವರ ಹೆಸರಿಗೆ ಹೋಗಬಹುದು. ಇದೇನೂ ಕೇಳದ ಮಾತಲ್ಲ. 2008ರ ಕೇಂದ್ರ ಜಲವಿದ್ಯುತ್ ನೀತಿಯೇ ಯೋಜನೆಯ ಸುತ್ತಲಿನ ಊರುಗಳ ಅಭಿವೃದ್ಧಿಗೆ ಶೇ 1ರಷ್ಟು ಉಚಿತ ವಿದ್ಯುತ್ತಿನ ಪಾಲನ್ನು ಹೇಳಿದೆ.

ಶರಾವತಿಯ ಆ ಐವತ್ತು ಕೋಟಿಯನ್ನು ರಾಜ್ಯದ ಎಲ್ಲ ಬಳಕೆದಾರರ ಮೇಲೆ ಹಂಚಿದರೆ ಯೂನಿಟ್ಟಿಗೆ ಒಂದು ಪೈಸೆಯೂ ಆಗುವುದಿಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಮುಂದಿನ ವಿಚಾರಣೆಗೆ ಸಾಗರದಿಂದ ಯಾರಾದರೂ ಬಂದು ಈ ಲೆಕ್ಕವನ್ನು ಮಂಡಿಸಿದರೆ, ಬೆಂಗಳೂರಿನಲ್ಲಿ ಕೂತು ಶರಾವತಿಯ ಕರೆಂಟು ಉರಿಸುವ ನನ್ನಂಥವರ ಹತ್ತಿರ ಅದನ್ನು ಬೇಡವೆನ್ನಲು ಒಂದು ಕಾರಣವೂ ಇಲ್ಲ.